ಆ್ಯಂಟಿಬಯೋಟಿಕ್: ಚೀಟಿಯಿಂದ ಕೊನೆಯ ಡೋಸ್‌ವರೆಗೆ

ಅಪ್ಪ ಮೂರು ದಿನ ನೀರು ಕೂಡ ನುಂಗಲಾಗದೆ ನರಳಿದ್ದು ಒಂದು ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್‌ನಿಂದ. ಅದು ನಕಲಿ ಔಷಧವಲ್ಲ, ಅವಧಿ ಮೀರಿದ್ದಲ್ಲ, ವೈದ್ಯರು ತಪ್ಪಾಗಿ ಬರೆದದ್ದೂ ಅಲ್ಲ. ರಾತ್ರಿ ಮಲಗಿದ ಮೇಲೆ ನೆನಪಾಯಿತೆಂದು ಹಾಸಿಗೆಯಲ್ಲೇ ಅರ್ಧ ಎದ್ದು, ಒಂದೇ ಗುಟುಕು ನೀರಿನಲ್ಲಿ ನುಂಗಿ, ದೀಪ ಆರಿಸಿ ಮಲಗಿಬಿಟ್ಟಿದ್ದರು. ಕ್ಯಾಪ್ಸೂಲ್ ಹೊಟ್ಟೆ ತಲುಪಲೇ ಇಲ್ಲ. ಅನ್ನನಾಳದ ಗೋಡೆಗೆ ಅಂಟಿಕೊಂಡು ಅಲ್ಲೇ ಕರಗಿತು. ಆಮ್ಲಗುಣದ ಆ ಔಷಧ ಒಳಗೆ ಹುಣ್ಣು ಮಾಡಿತು. ನಸುಕಿನಲ್ಲಿ ಎದೆ ಹಿಡಿದುಕೊಂಡು ಎದ್ದವರನ್ನು ಕಂಡು ಹೃದಯಾಘಾತವೆಂದೇ ನಾವು ಹೆದರಿದ್ದೆವು.

ಆ ಕ್ಯಾಪ್ಸೂಲ್‌ಗಳನ್ನು ತಂದುಕೊಟ್ಟವಳು ನಾನು. ಫಾರ್ಮಸಿಸ್ಟ್ ಆಗಿ ನನಗಾಗ 8 ವರ್ಷಗಳ ಅನುಭವವಿತ್ತು. “ಅಪ್ಪಾ, ಲೋಟದ ತುಂಬ ನೀರು ಕುಡಿ, ಅರ್ಧ ಗಂಟೆ ಮಲಗಬೇಡ” ಎಂದು ಹೇಳಲು ಹತ್ತು ಸೆಕೆಂಡು ಸಾಕಿತ್ತು. ಹೇಳಲಿಲ್ಲ.

ಅಂದಿನಿಂದ ಆ್ಯಂಟಿಬಯೋಟಿಕ್ ಒಯ್ಯಲು ಬಂದ ಯಾರನ್ನೂ ಎರಡು ನಿಮಿಷ ಮಾತನಾಡಿಸದೆ ಕಳಿಸಿಲ್ಲ. ಹಿಂದೆ ಸಾಲು ಬೆಳೆಯುತ್ತದೆ, ಕೆಲವರು ಗೊಣಗುತ್ತಾರೆ. ಆದರೂ ಹೇಳುತ್ತೇನೆ. ಆ ಎರಡು ನಿಮಿಷದಲ್ಲಿ ಹೇಳುವುದನ್ನೂ ಹೇಳಲು ಹೊತ್ತು ಸಾಲದೆ ಉಳಿದುಹೋಗುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದು ನಿಮ್ಮನ್ನು ಪರೀಕ್ಷಿಸಿದ ವೈದ್ಯರ ತೀರ್ಮಾನ. ಆ ತೀರ್ಮಾನ ಚೀಟಿಯಿಂದ ನಿಮ್ಮ ರಕ್ತದವರೆಗೆ ಕೆಡದೆ ತಲುಪಬೇಕು. ನನ್ನ ಕಾಳಜಿ ಅಷ್ಟೇ.

ಚೀಟಿ ಕೈಗೆ ಬರುವ ಮೊದಲು

ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿ, ಫ್ಲೂ, ಹೆಚ್ಚಿನ ಗಂಟಲುನೋವುಗಳು ವೈರಸ್‌ನಿಂದ ಬರುವಂಥವು. ಅವುಗಳ ಮೇಲೆ ಇದು ನಡೆಯುವುದಿಲ್ಲ. “ಇದು ಬ್ಯಾಕ್ಟೀರಿಯಾದ ಸೋಂಕೇ, ಆ್ಯಂಟಿಬಯೋಟಿಕ್ ಬೇಕೇಬೇಕೇ?” ಎಂದು ವೈದ್ಯರನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಬೇಡ ಎಂದರೆ ಒತ್ತಾಯಿಸಬೇಡಿ.

ಬೇಕು ಎಂದಾದರೆ ನೀವು ಹೇಳಲೇಬೇಕಾದ ಮೊದಲ ಸಂಗತಿ ಅಲರ್ಜಿ. “ಪೆನಿಸಿಲಿನ್ ನನಗೆ ಆಗುವುದಿಲ್ಲ” ಎಂದವರನ್ನು ನಾನು ಮರುಪ್ರಶ್ನೆ ಕೇಳದೆ ಬಿಡುವುದಿಲ್ಲ. ಆಗ ಏನಾಯಿತು? ಎಷ್ಟು ಹೊತ್ತಿಗೆ ಆಯಿತು? ಆಗ ನಿಮಗೆ ಎಷ್ಟು ವಯಸ್ಸಾಗಿತ್ತು? ಒಬ್ಬರು “ಹೊಟ್ಟೆ ತೊಳಸಿತ್ತು” ಎಂದರು. ಅದು ಅಡ್ಡಪರಿಣಾಮ, ಅಲರ್ಜಿಯಲ್ಲ. ಇನ್ನೊಬ್ಬರು “ಅರ್ಧ ಗಂಟೆಯಲ್ಲಿ ತುಟಿ ಊದಿ ಉಸಿರು ಕಟ್ಟಿತು” ಎಂದರು. ಅದು ಪ್ರಾಣಕ್ಕೆ ಎರವಾಗಬಲ್ಲ ಅಲರ್ಜಿ. ಇಬ್ಬರ ಚೀಟಿಯಲ್ಲೂ ಇದ್ದದ್ದು ಒಂದೇ ಸಾಲು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವಂತೆ ಅಲ್ಲಿ ನೂರಕ್ಕೆ ಸುಮಾರು 10 ಜನರ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿದೆ. ನಿಜವಾಗಿ ಅಲರ್ಜಿ ಇರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಸುಮ್ಮನೆ ಹಣೆಪಟ್ಟಿ ಅಂಟಿಸಿಕೊಂಡವರಿಗೆ ಒಳ್ಳೆಯ, ಹಳೆಯ, ನಂಬಿಗಸ್ತ ಔಷಧ ತಪ್ಪಿಹೋಗುತ್ತದೆ. ನಿಜವಾದ ಅಲರ್ಜಿ ಮರೆತವರಿಗೆ ಅದೇ ಔಷಧ ಅಪಾಯ. ಹಾಗೆಂದು ಮನೆಯಲ್ಲಿ ನೀವೇ ಪರೀಕ್ಷೆ ಮಾಡಿ ನೋಡಬೇಡಿ. ನಡೆದದ್ದನ್ನು ನಡೆದಂತೆ ವೈದ್ಯರಿಗೆ ಹೇಳಿ. ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್ ಜೊತೆ ಕ್ಲಾವ್ಯುಲನೇಟ್ ಸೇರಿದ ಮಾತ್ರೆ ಎಲ್ಲವೂ ಪೆನಿಸಿಲಿನ್ ಕುಟುಂಬದವೇ ಎಂಬುದು ನೆನಪಿರಲಿ. ಡಬ್ಬಿಯ ಮೇಲಿನ ದೊಡ್ಡ ಹೆಸರು ಅದನ್ನು ಹೇಳುವುದಿಲ್ಲ. ಕೆಳಗಿನ ಸಣ್ಣ ಅಕ್ಷರಗಳು ಹೇಳುತ್ತವೆ.

ಎರಡನೆಯದು, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳು. “ಬಿಪಿ ಮಾತ್ರೆ, ಬಿಳಿಯದು” ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಇರುವ ಮಾತ್ರೆಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಟ್ರೋನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂಥ ಆ್ಯಂಟಿಬಯೋಟಿಕ್‌ಗಳು ಸೇರಿದರೆ ವಾರ್ಫರಿನ್ ಪ್ರಭಾವ ಏರಿ ರಕ್ತಸ್ರಾವವಾಗಬಹುದು. ಅಂಥವರಿಗೆ ನಡುವೆ ರಕ್ತಪರೀಕ್ಷೆ ಬೇಕಾಗುತ್ತದೆ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಕ್ಲಾರಿತ್ರೋಮೈಸಿನ್ ಜೊತೆಗೆ ಕೊಡಬಾರದು, ಸ್ನಾಯುಗಳು ಹಾಳಾಗುತ್ತವೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ನುಂಗುವವರಿಗೆ ಕೋಟ್ರೈಮಾಕ್ಸಜೋಲ್ ಬರೆದ ಚೀಟಿ ಬಂದರೆ ನಾನು ಔಷಧ ಕೊಡುವ ಮೊದಲು ವೈದ್ಯರಿಗೆ ಕರೆ ಮಾಡುತ್ತೇನೆ. ಆ ಜೋಡಿ ಮೂಳೆಯ ಮಜ್ಜೆಯನ್ನು ಕುಗ್ಗಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸಿಪ್ರೊಫ್ಲಾಕ್ಸಸಿನ್ ಸೇರಿದರೆ ರಕ್ತದ ಸಕ್ಕರೆ ಏಕಾಏಕಿ ಇಳಿಯಬಹುದು.

ಗರ್ಭನಿರೋಧಕ ಮಾತ್ರೆಯ ಬಗ್ಗೆ ಹೆಂಗಸರು ದನಿ ತಗ್ಗಿಸಿ ಕೇಳುತ್ತಾರೆ, ಅನೇಕರು ಕೇಳುವುದೇ ಇಲ್ಲ. ಅದಕ್ಕೇ ನಾನೇ ಹೇಳುತ್ತೇನೆ: ಅದರ ಶಕ್ತಿಯನ್ನು ನೇರವಾಗಿ ಕುಂದಿಸುವುದು ರಿಫಾಂಪಿಸಿನ್ ಮತ್ತು ಅದರ ಕುಟುಂಬದ ಔಷಧಗಳು. ಉಳಿದ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಲ್ಲಿ ಚಿಂತೆ ಮಾಡಬೇಕಾದದ್ದು ವಾಂತಿ ಅಥವಾ ಜೋರಾದ ಭೇದಿಯಾದಾಗ.

ಬಸುರಿ, ಬಾಣಂತಿ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ಕೇಳುವವರೆಗೆ ಕಾಯದೆ ಹೇಳಬೇಕು. ಡೋಸ್ ಬದಲಾಗಬಹುದು, ಔಷಧವೇ ಬದಲಾಗಬಹುದು.

ಗಡಿಯಾರ ಮತ್ತು ಹೊಟ್ಟೆ

“ದಿನಕ್ಕೆ 3 ಸಲ” ಎಂದರೆ ಬಹಳ ಜನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಎಂದುಕೊಳ್ಳುತ್ತಾರೆ. ಬೆಳಿಗ್ಗೆ 9, ಮಧ್ಯಾಹ್ನ 1, ರಾತ್ರಿ 8. ಆಮೇಲೆ 13 ಗಂಟೆ ಖಾಲಿ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಮುಂದಿನ ಗಂಟೆಗೆ ಕಾಲು ಭಾಗ. ರಕ್ತದಲ್ಲಿ ಔಷಧದ ಮಟ್ಟ ಸಾಕಷ್ಟು ಹೊತ್ತು ನಿಂತಿದ್ದರೆ ಮಾತ್ರ ಈ ಕುಟುಂಬದ ಔಷಧಗಳು ಕೆಲಸ ಮಾಡುತ್ತವೆ. ಆದ್ದರಿಂದ 8 ಗಂಟೆಗೊಮ್ಮೆ ಎಂದೇ ತಿಳಿಯಿರಿ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದರೆ ಹೆಚ್ಚಿನವರಿಗೆ ನಿದ್ದೆ ಕೆಡುವುದಿಲ್ಲ. ಮೊಬೈಲ್‌ನಲ್ಲಿ ಮೂರು ಅಲಾರಂ ಇಟ್ಟುಕೊಂಡರೆ ಆಯಿತು. ಅರ್ಧ ಗಂಟೆ ಆಚೀಚೆಯಾದರೆ ನಡೆಯುತ್ತದೆ. ಅಜಿತ್ರೋಮೈಸಿನ್ ಇದಕ್ಕೆ ಪೂರ್ತಿ ತದ್ವಿರುದ್ಧ. ಅದು ದೇಹದ ಅಂಗಾಂಶಗಳಲ್ಲಿ ದಿನಗಟ್ಟಲೆ ಉಳಿಯುತ್ತದೆ. ದಿನಕ್ಕೊಂದೇ ಮಾತ್ರೆ, ಕೆಲವೇ ದಿನ ಸಾಕಾಗುವುದು ಅದಕ್ಕೇ. “ಅವರಿಗೆ ಮೂರೇ ಮಾತ್ರೆ, ನನಗೇಕೆ ಇಪ್ಪತ್ತೊಂದು?” ಎಂದು ಪಕ್ಕದವರ ಚೀಟಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಊಟದ ಮಾತು ಔಷಧದಿಂದ ಔಷಧಕ್ಕೆ ಬೇರೆ. ಅಮಾಕ್ಸಿಸಿಲಿನ್ ಯಾವಾಗ ಬೇಕಾದರೂ ಆಗುತ್ತದೆ. ಅದಕ್ಕೆ ಕ್ಲಾವ್ಯುಲನೇಟ್ ಸೇರಿದ್ದರೆ ಊಟದ ಮೊದಲ ತುತ್ತಿನ ಜೊತೆಗೇ ನುಂಗಬೇಕು. ಹೊಟ್ಟೆ ತೊಳಸುವುದೂ ಕಡಿಮೆ, ಹೀರಿಕೆಯೂ ಚೆನ್ನ. ಮೂತ್ರನಾಳದ ಸೋಂಕಿಗೆ ಕೊಡುವ ನೈಟ್ರೋಫ್ಯುರಂಟಾಯಿನ್ ಊಟದ ಜೊತೆ. ಆ್ಯಂಪಿಸಿಲಿನ್ ಖಾಲಿ ಹೊಟ್ಟೆಗೆ. ಖಾಲಿ ಹೊಟ್ಟೆ ಎಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಕೈ ತೊಳೆದ ತಕ್ಷಣ ಅಲ್ಲ.

ಈಗ ಬಹಳ ಜನ ಎಡವುವ ಜಾಗ. ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಒಯ್ದಿದ್ದ ಹಿರಿಯರೊಬ್ಬರು ನಾಲ್ಕನೇ ದಿನ ಉಳಿದ ಮಾತ್ರೆಗಳನ್ನು ನನ್ನ ಮುಂದೆ ಇಟ್ಟರು. “ಇದರಲ್ಲಿ ದಮ್ಮಿಲ್ಲಮ್ಮ, ಉರಿ ಹಾಗೇ ಇದೆ.” ಮಾತ್ರೆ ಹೇಗೆ ತೆಗೆದುಕೊಂಡಿರಿ ಎಂದು ಕೇಳಿದೆ. ಹೊಟ್ಟೆ ಉರಿಯಬಾರದೆಂದು ಪ್ರತಿ ಸಲವೂ ಮೊದಲು ಎರಡು ಚಮಚ ಆ್ಯಂಟಾಸಿಡ್ ಕುಡಿದು, ಆಮೇಲೆ ಮಾತ್ರೆ ನುಂಗುತ್ತಿದ್ದರು. ಮುತುವರ್ಜಿಯಿಂದ ಮಾಡಿದ ತಪ್ಪು ಅದು. ಆ್ಯಂಟಾಸಿಡ್‌ನ ಮೆಗ್ನೀಸಿಯಂ, ಅಲ್ಯೂಮಿನಿಯಂಗಳು ಸಿಪ್ರೊಫ್ಲಾಕ್ಸಸಿನ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ಹಾಗೆ ಸಿಕ್ಕಿಬಿದ್ದ ಔಷಧ ರಕ್ತಕ್ಕೆ ಸೇರದೆ ಮಲದಲ್ಲಿ ಹೋಗಿಬಿಡುತ್ತದೆ. ನಾಲ್ಕು ದಿನ ಮಾತ್ರೆ ನುಂಗಿಯೂ ಅವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅವರನ್ನು ಅಂದೇ ಮತ್ತೆ ವೈದ್ಯರ ಬಳಿಗೆ ಕಳಿಸಿದೆ. ಕ್ಯಾಲ್ಸಿಯಂ, ಕಬ್ಬಿಣ, ಸತು ಇರುವ ಮಾತ್ರೆಗಳೂ ಇದನ್ನೇ ಮಾಡುತ್ತವೆ. ಬರಿಯ ಹಾಲು, ಮೊಸರಿನ ಜೊತೆಗೂ ಸಿಪ್ರೊಫ್ಲಾಕ್ಸಸಿನ್ ನುಂಗಬಾರದು. ಆ್ಯಂಟಾಸಿಡ್ ಅಥವಾ ಈ ಲೋಹಾಂಶದ ಮಾತ್ರೆಗಳು ಬೇಕೇಬೇಕಾದರೆ ಸಿಪ್ರೊಫ್ಲಾಕ್ಸಸಿನ್ ಅನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಡಾಕ್ಸಿಸೈಕ್ಲಿನ್ ಮತ್ತು ಅದರ ಬಂಧುಗಳಿಗೂ ಇದೇ ತೊಡಕಿದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕೆಲವು ದಿನ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳುವುದೇ ಸುಲಭದ ದಾರಿ.

ಡಾಕ್ಸಿಸೈಕ್ಲಿನ್ ಬಗ್ಗೆ ಅಪ್ಪನ ಕಥೆ ಹೇಳಿಯಾಗಿದೆ. ತುಂಬು ಲೋಟ ನೀರು, ಬೆನ್ನು ನೆಟ್ಟಗೆ, ಕನಿಷ್ಠ ಅರ್ಧ ಗಂಟೆ ಮಲಗಬಾರದು. ಅದನ್ನು ತೆಗೆದುಕೊಳ್ಳುವ ದಿನಗಳಲ್ಲಿ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ತೋಳು ಮುಚ್ಚುವ ಬಟ್ಟೆ ಇರಲಿ.

ಇನ್ನೊಂದು ಲೆಕ್ಕ. ಅಮಾಕ್ಸಿಸಿಲಿನ್–ಕ್ಲಾವ್ಯುಲನೇಟ್ ಮಾತ್ರೆ 375 ಎಂದು ಬಂದರೆ ಅದರಲ್ಲಿ 250 ಅಮಾಕ್ಸಿಸಿಲಿನ್, 125 ಕ್ಲಾವ್ಯುಲನೇಟ್. 625 ಎಂದರೆ 500 ಮತ್ತು 125. ದೊಡ್ಡದು ಸಿಗಲಿಲ್ಲವೆಂದು ಚಿಕ್ಕದರ ಎರಡು ನುಂಗಿದರೆ ಕ್ಲಾವ್ಯುಲನೇಟ್ ಎರಡು ಪಟ್ಟಾಗಿ ಭೇದಿ ಹಿಡಿಯುತ್ತದೆ. ಮಾತ್ರೆ ಮುರಿಯುವುದು, ಪುಡಿ ಮಾಡುವುದು, ಕ್ಯಾಪ್ಸೂಲ್ ಬಿಚ್ಚುವುದು ಯಾವುದನ್ನೂ ಕೇಳದೆ ಮಾಡಬೇಡಿ. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಒಳಗೆ ಹೋಗುತ್ತದೆ.

ಮಗುವಿನ ಬಾಟಲಿ

ಇಲ್ಲಿ ನಾನು ಎಲ್ಲಕ್ಕಿಂತ ನಿಧಾನವಾಗುತ್ತೇನೆ. ಒಬ್ಬ ತಾಯಿ ಮಗಳ ಕಿವಿ ಸೋಂಕಿಗೆ 7 ದಿನದ ಅಮಾಕ್ಸಿಸಿಲಿನ್ ಒಯ್ದು ಐದನೇ ದಿನಕ್ಕೆ ಖಾಲಿ ಬಾಟಲಿ ಹಿಡಿದು ಬಂದರು. ಅಡುಗೆಮನೆಯ ಚಮಚದಲ್ಲಿ ಕೊಟ್ಟಿದ್ದರು. ಆ ಚಮಚ ತರಿಸಿ ಅಳೆದರೆ ಏಳು ಮಿಲಿಲೀಟರ್ ದಾಟುತ್ತಿತ್ತು. ಮಗುವಿಗೆ ಅದೃಷ್ಟವಶಾತ್ ಸ್ವಲ್ಪ ಭೇದಿ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಚೀಟಿಯ “ಒಂದು ಚಮಚ” ಎಂದರೆ 5 ಮಿಲಿಲೀಟರ್. ಮನೆಯ ಚಮಚಗಳಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಗೆರೆಗಳಿರುವ ಸಿರಿಂಜ್ ಕೇಳಿ ಪಡೆಯಿರಿ. ನಿಮ್ಮ ಮಗುವಿನ ಅಳತೆ ಎಲ್ಲಿಗೆ ಬರುತ್ತದೆಂದು ಅದರ ಮೇಲೆ ಶಾಯಿಯಲ್ಲಿ ಗೆರೆ ಎಳೆದು ಕೊಡುವಂತೆ ಔಷಧದಂಗಡಿಯವರಿಗೆ ಹೇಳಿ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಒಂದೇ ಔಷಧದ ಎರಡು ಬಾಟಲಿಗಳಲ್ಲಿ ಒಂದರ ಮೇಲೆ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರ ಮೇಲೆ 250 ಮಿಲಿಗ್ರಾಂ ಎಂದಿರಬಹುದು. ಬಣ್ಣ ಒಂದೇ, ವಾಸನೆ ಒಂದೇ. ಕಳೆದ ಸಲ ಕೊಟ್ಟಷ್ಟೇ ಈ ಸಲವೂ ಕೊಟ್ಟರೆ ಡೋಸ್ ಇಮ್ಮಡಿಯಾಗುತ್ತದೆ. ಮಗುವಿನ ತೂಕದ ಲೆಕ್ಕದಲ್ಲಿ ಡೋಸ್ ಬರೆಯುವುದರಿಂದ ವೈದ್ಯರ ಬಳಿ ಹೋದಾಗ ತೂಕ ಅಂದಾಜಿನಲ್ಲಿ ಹೇಳದೆ ತೂಗಿಸಿ. “ಎಷ್ಟು ಮಿಲಿಲೀಟರ್?” ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅಂಗಡಿಯಿಂದ ಹೊರಡಬೇಡಿ.

ಪುಡಿ ರೂಪದಲ್ಲಿ ಬಂದ ಬಾಟಲಿಗೆ ನೀರು ಬೆರೆಸುವ ಕೆಲಸವನ್ನು ಆದಷ್ಟು ಔಷಧದಂಗಡಿಯಲ್ಲೇ ಮಾಡಿಸಿ. ನೀವೇ ಮಾಡಬೇಕಾದರೆ ಮೊದಲು ಬಾಟಲಿ ತಟ್ಟಿ ಗಟ್ಟಿಯಾದ ಪುಡಿಯನ್ನು ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರು ತೆಗೆದುಕೊಳ್ಳಿ. ಗುರುತಿನ ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಉಳಿದ ನೀರನ್ನು ಗುರುತಿನವರೆಗೆ ತುಂಬಿ ಮತ್ತೆ ಕುಲುಕಿ. ನೊರೆ ಇಳಿಯುವ ಮೊದಲೇ ಗುರುತು ನೋಡಿದರೆ ನೀರು ಕಡಿಮೆ ಬಿದ್ದು ಔಷಧ ಗಾಢವಾಗುತ್ತದೆ. ಆಮೇಲೆ ಪ್ರತಿ ಡೋಸ್‌ಗೂ ಮೊದಲು ಕುಲುಕಬೇಕು. ಇಲ್ಲದಿದ್ದರೆ ಮೊದಲ ದಿನ ತೆಳು ನೀರು, ಕೊನೆಯ ದಿನ ಗಟ್ಟಿ ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಕ್ಲಾವ್ಯುಲನೇಟ್ ಇರುವುದನ್ನು ಫ್ರಿಜ್‌ನಲ್ಲಿಡಬೇಕು, ಅದು ಕೆಲವೇ ದಿನ ಬಾಳುತ್ತದೆ. ಕ್ಲಾರಿತ್ರೋಮೈಸಿನ್ ಸಿರಪ್ ಅನ್ನು ಫ್ರಿಜ್‌ನಲ್ಲಿಡಬಾರದು. ಲೇಬಲ್ ಓದದೆ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಬೇಡಿ.

ಸಿರಿಂಜ್‌ನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪಸ್ವಲ್ಪವಾಗಿ ಬಿಡಿ. ಗಂಟಲಿಗೆ ನೇರ ಚಿಮ್ಮಿಸಿದರೆ ನೆತ್ತಿಗೇರುತ್ತದೆ. ಮಗು ಕುಡಿಯುವ ಹಾಲಿನ ಬಾಟಲಿಗೆ ಔಷಧ ಬೆರೆಸಬೇಡಿ. ಅದು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕುಡಿದ ಸ್ವಲ್ಪ ಹೊತ್ತಿಗೇ ಕಕ್ಕಿದರೆ ಮತ್ತೆ ಕೊಡಬೇಕೇ ಎಂಬುದನ್ನು ಫೋನ್ ಮಾಡಿ ಕೇಳಿ. ಎಷ್ಟು ನಿಮಿಷಕ್ಕೆ ಕಕ್ಕಿತು ಎಂದು ಹೇಳಿದರೆ ನಮಗೆ ತೀರ್ಮಾನ ಸುಲಭ.

ದೇಹ ಏನಾದರೂ ಹೇಳಿದಾಗ

ಹೊಟ್ಟೆ ತೊಳಸುವುದು, ಮಲ ಸ್ವಲ್ಪ ಸಡಿಲವಾಗುವುದು ಸಾಮಾನ್ಯ. ಮೆಟ್ರೋನಿಡಜೋಲ್ ತೆಗೆದುಕೊಂಡರೆ ಬಾಯಲ್ಲಿ ಲೋಹದ ರುಚಿ ಬರುತ್ತದೆ. ಅದರ ಜೊತೆ, ಮುಗಿದ ನಂತರದ 3 ದಿನವೂ ಮದ್ಯ ಬೇಡವೇ ಬೇಡ. ನೈಟ್ರೋಫ್ಯುರಂಟಾಯಿನ್‌ನಿಂದ ಮೂತ್ರ ಕಂದು ಬಣ್ಣಕ್ಕೆ, ರಿಫಾಂಪಿಸಿನ್‌ನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಮೊದಲೇ ಹೇಳಿರದಿದ್ದರೆ ಜನ ಅದನ್ನು ರಕ್ತವೆಂದು ತಿಳಿದು ಔಷಧ ಬಿಟ್ಟುಬಿಡುತ್ತಾರೆ.

ಇವುಗಳಿಗೆ ಮಾತ್ರ ಕಾಯುವಂತಿಲ್ಲ: ಮೈ ತುಂಬ ಗಂಧೆ ಏಳುವುದರ ಜೊತೆಗೆ ಮುಖ, ತುಟಿ, ನಾಲಿಗೆ ಊದುವುದು, ಉಸಿರಾಟಕ್ಕೆ ಕಷ್ಟವಾಗುವುದು, ತಲೆ ಸುತ್ತಿ ಕುಸಿಯುವುದು. ಔಷಧ ನಿಲ್ಲಿಸಿ, ಆಂಬುಲೆನ್ಸ್ ಕರೆಯಿರಿ, ಒಬ್ಬರೇ ಹೊರಡಬೇಡಿ. ಚರ್ಮದ ಮೇಲೆ ಗುಳ್ಳೆಗಳೆದ್ದು ಸುಲಿಯತೊಡಗಿದರೆ, ಬಾಯಿ, ಕಣ್ಣುಗಳಲ್ಲಿ ಹುಣ್ಣಾದರೆ ಅದೂ ತುರ್ತು. ಬರೀ ಸಣ್ಣ ದದ್ದು ಎದ್ದರೂ ಮುಂದಿನ ಡೋಸ್‌ಗೆ ಮೊದಲು ವೈದ್ಯರನ್ನು ಕೇಳಿ, ಫೋಟೊ ತೆಗೆದಿಡಿ.

ಸಿಪ್ರೊಫ್ಲಾಕ್ಸಸಿನ್ ಕುಟುಂಬದ ಔಷಧ ತೆಗೆದುಕೊಳ್ಳುವಾಗ ಹಿಮ್ಮಡಿಯ ಮೇಲೆ, ಭುಜದಲ್ಲಿ ಹೊಸದಾಗಿ ನೋವು ಕಾಣಿಸಿದರೆ ಅದನ್ನು ವ್ಯಾಯಾಮದ ನೋವೆಂದು ತಳ್ಳಿಹಾಕಬೇಡಿ. ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ, ಹರಿಯುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಅತ್ಯಂತ ಗಂಭೀರ ಮಟ್ಟದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಕಾಲಿಗೆ ಭಾರ ಹಾಕದೆ ವೈದ್ಯರನ್ನು ಕಾಣಿ.

ನೀರಿನಂತೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಭೇದಿ, ಮಲದಲ್ಲಿ ರಕ್ತ, ಜ್ವರ, ಹೊಟ್ಟೆನೋವು ಕಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತಿರಬಹುದು. ಕೋರ್ಸ್ ಮುಗಿದು ವಾರಗಳಾದ ಮೇಲೂ ಇದು ಬರಬಹುದು. ಆಗ ವೈದ್ಯರಿಗೆ “ಇತ್ತೀಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೆ” ಎಂಬ ಮಾತು ಹೇಳದಿದ್ದರೆ ಅವರಿಗೆ ಸುಳಿವೇ ಸಿಗುವುದಿಲ್ಲ.

ಎರಡು ಮೂರು ದಿನ ಸರಿಯಾಗಿ ತೆಗೆದುಕೊಂಡರೂ ಜ್ವರ ಇಳಿಯದಿದ್ದರೆ ಮರಳಿ ಹೋಗಬೇಕು. ಅದಕ್ಕೂ ಮೊದಲೇ ಗೊಂದಲದ ಮಾತು, ಏದುಸಿರು, ಮೂತ್ರ ಕಟ್ಟುವುದು ಕಂಡರೆ ಸೋಂಕು ರಕ್ತಕ್ಕೆ ಹರಡಿರಬಹುದು, ನೇರ ಆಸ್ಪತ್ರೆಗೆ.

ಡೋಸ್ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಕೂಡಿಸಿ ನುಂಗಬಾರದು.

ಎಲ್ಲಿಗೆ ನಿಲ್ಲಿಸುವುದು

ಮೂರನೇ ದಿನ ಮೈ ಹಗುರಾದಾಗ ಬರುವ ಪ್ರಶ್ನೆ ಇದು. ಹಿಂದೆ “ಎಷ್ಟು ದೀರ್ಘವೋ ಅಷ್ಟು ಒಳ್ಳೆಯದು” ಎಂಬ ನಂಬಿಕೆಯಿತ್ತು. ಈಗ ಅನೇಕ ಸೋಂಕುಗಳಿಗೆ ಚಿಕ್ಕ ಕೋರ್ಸ್ ಸಾಕೆಂದು ತಿಳಿದಿದೆ. ಬೇಡದ ದಿನಗಳಲ್ಲಿ ನುಂಗಿದ ಪ್ರತಿ ಮಾತ್ರೆಯೂ ದೇಹದ ಇತರ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುತ್ತದೆ. ಆದರೆ ಯಾವ ಸೋಂಕಿಗೆ ಎಷ್ಟು ದಿನ ಎಂಬುದನ್ನು ನಿಮ್ಮ ಮೈಯ ಹಗುರತನ ಹೇಳಲಾರದು. ಹೆಂಗಸರ ಸರಳ ಮೂತ್ರಸೋಂಕಿಗೆ ನೈಟ್ರೋಫ್ಯುರಂಟಾಯಿನ್ 5 ದಿನ ಸಾಕಾಗುತ್ತದೆ. ಸ್ಟ್ರೆಪ್ಟೊಕಾಕಸ್ ಗಂಟಲುಸೋಂಕಿಗೆ ಪೆನಿಸಿಲಿನ್ ಸಾಮಾನ್ಯವಾಗಿ 10 ದಿನ. ಅಲ್ಲಿ ಅರ್ಧಕ್ಕೆ ಬಿಟ್ಟರೆ ಮುಂದೆ ಹೃದಯದ ಕವಾಟಗಳನ್ನು ಕೆಡಿಸುವ ಸಂಧಿವಾತ ಜ್ವರ ಬರಬಹುದು. ಕ್ಷಯಕ್ಕೆ ತಿಂಗಳುಗಳೇ ಬೇಕು. ಪೆನಿಸಿಲಿನ್ ಅನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಅದನ್ನು ತಾಳಿಕೊಳ್ಳುವುದನ್ನು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಆದ್ದರಿಂದ ಬೇಗ ನಿಲ್ಲಿಸಬೇಕೆನ್ನಿಸಿದರೆ ಫೋನ್ ಮಾಡಿ ಕೇಳಿ. ವೈದ್ಯರು ಸಾಕು ಎಂದರೆ ಸಾಕು, ನಿಲ್ಲಿಸಬೇಡಿ ಎಂದರೆ ಪೂರ್ತಿ ಮುಗಿಸಿ.

ಹಾಗೆ ಉಳಿದ ಮಾತ್ರೆಗಳನ್ನು ಮುಂದಿನ ಸಲಕ್ಕೆಂದು ಇಡಬೇಡಿ, ಅದೇ ಲಕ್ಷಣವಿರುವ ಅಕ್ಕನಿಗೋ ಮಗನಿಗೋ ಕೊಡಬೇಡಿ. ಶೌಚಾಲಯಕ್ಕೆ, ಚರಂಡಿಗೆ ಸುರಿಯಬೇಡಿ. ನೀರಿಗೆ ಸೇರಿದ ಔಷಧ ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ಪ್ರತಿರೋಧದ ಪಾಠ ಮಾಡುತ್ತದೆ. ಮರಳಿ ಪಡೆಯುವ ವ್ಯವಸ್ಥೆ ಇರುವ ಔಷಧದಂಗಡಿಗೆ ಕೊಡಿ.

ಕೊನೆಯ ಡೋಸ್ ನುಂಗಿದ ದಿನ ಒಂದು ಪುಟ್ಟ ಪುಸ್ತಕದಲ್ಲಿ ಔಷಧದ ಹೆಸರು, ಯಾವುದಕ್ಕೆ, ಯಾವ ದಿನದಿಂದ ಯಾವ ದಿನದವರೆಗೆ, ಏನಾದರೂ ತೊಂದರೆಯಾಯಿತೇ ಎಂದು ಬರೆದಿಡಿ. ದದ್ದು ಎದ್ದಿದ್ದರೆ ಎಷ್ಟನೇ ಡೋಸ್‌ಗೆ, ಎಷ್ಟು ಗಂಟೆಗೆ ಎಂಬುದೂ ಇರಲಿ. ಮುಂದಿನ ಸಲ “ಅಲರ್ಜಿ ಇದೆಯೇ?” ಎಂದು ನಾನು ಕೇಳಿದಾಗ ಆ ಪುಟವನ್ನು ನನ್ನ ಮುಂದೆ ಇಡಿ.